ಬೇಡಗದ ಇಬ್ಬರು ಭರಮಾ ಪಾಟೀಲರು

ಈಗ ಫೋನ್ ಗಣಗಣಿಸಿದರೆ ನನ್ನ ಎದೆ ಧಸಕ್ಕನ್ನುವುದಿಲ್ಲ. ನಿವೃತ್ತಿಯಿಂದ ಏನು ಸಿಕ್ಕಿತು ಎಂದು ಕೇಳಿದವರಿಗೆಲ್ಲ ನಾನು ಹೇಳುವುದು ಇದೊಂದನ್ನೇ. ಕೆಲಸದಲ್ಲಿದ್ದಾಗ ಬೆಳಗಿನ ಹೊತ್ತು ಫೋನ್ ಬಂತೆಂದರೆ ಮಿರಜದ ಆಸ್ಪತ್ರೆಯಲ್ಲಿ ಏನೋ ಕೈಕೊಟ್ಟಿದೆ ಎಂದೇ ಅರ್ಥ. ಬಾಯಲ್ಲಿದ್ದ ಅವಲಕ್ಕಿ ಬಾಯಲ್ಲೇ ಉಳಿಯುತ್ತಿತ್ತು. ಈಗ ಬರುವುದು ತಂಗಿಯ ಫೋನು, ಇಲ್ಲವೇ ಗ್ಯಾಸಿನವನದು. ಇಬ್ಬರೂ ನನ್ನ ಮೇಲೆ ರೇಗಿದರೂ ಯಾವ ರೋಗಿಗೂ ಏನೂ ಆಗುವುದಿಲ್ಲ. ಆ ಸಮಾಧಾನಕ್ಕೆ ಬೆಲೆ ಕಟ್ಟಲಾಗದು.

ಸಾಂಗಲಿಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ನಾನು ಡೇಟಾಬೇಸಿನ ಕೆಲಸ ನೋಡಿಕೊಳ್ಳುತ್ತಿದ್ದೆ. ಪೇಟೆಯ ಬಟ್ಟೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ನಮ್ಮ ಆಫೀಸು. ಯಾವಾಗ ಯಾವ ಹುದ್ದೆ ಸಿಕ್ಕಿತು ಎಂಬುದನ್ನು ಬರೆದರೆ ಓದುವವರಿಗೂ ಬೇಸರ, ನನಗೂ ಬೇಸರ. ಕುರ್ಚಿ ಬದಲಾಯಿತು, ಕೆಲಸ ಅದೇ ಉಳಿಯಿತು. ಈಗ ಅದೇ ಆಫೀಸಿಗೆ ಹೊಸದಾಗಿ ಸೇರಿದವರು ಆಗಾಗ ಮನೆಗೆ ಬಂದು, ಮಾವಶಿ, ಅಂದರೆ ಚಿಕ್ಕಮ್ಮ, ಇಂಡೆಕ್ಸ್ ಯಾವುದಕ್ಕೆ ಹಾಕಬೇಕು, ಯಾವುದಕ್ಕೆ ಹಾಕಬಾರದು ಎಂದು ಕೇಳುತ್ತಾರೆ. ನಾನು ಕನ್ನಡದಲ್ಲಿ ಹೇಳುತ್ತೇನೆ, ಅವರು ಮರಾಠಿಯಲ್ಲಿ ಹ್ಞೂಂಗುಟ್ಟುತ್ತಾರೆ. ಹೇಳಿದ್ದನ್ನೇ ಹೇಳಿ ಸಾಕಾಗಿ ಈಗ ಬರೆಯಲು ಕೂತಿದ್ದೇನೆ. ಕನ್ನಡ ಓದಲು ಬರದವರು ಮನೆಗೇ ಬರಲಿ, ಚಹಾ ಕುಡಿಸಿ ಓದಿ ಹೇಳುತ್ತೇನೆ.

ಈ ಕೆಲಸದ ಗಂಧಗಾಳಿ ಇಲ್ಲದವರಿಗಾಗಿ ಎರಡು ಮಾತು. ನಾವು ಬಳಸುತ್ತಿದ್ದುದು ಪೈಥಾನ್ ಭಾಷೆಯ ಒಂದು ವೆಬ್ ಫ್ರೇಮ್‌ವರ್ಕು. ಅದರಲ್ಲಿ ಪ್ರತಿ ಬಗೆಯ ಮಾಹಿತಿಗೂ ಒಂದು ಮಾಡೆಲ್ ಬರೆಯಬೇಕು. ಮಿರಜದ ಆಸ್ಪತ್ರೆಗೆ ಮಾಡಿಕೊಟ್ಟ ಸಾಫ್ಟ್‌ವೇರಿನಲ್ಲಿ ‘ರೋಗಿ’ ಎಂಬುದು ಒಂದು ಮಾಡೆಲ್: ಹೆಸರು, ತಂದೆಯ ಹೆಸರು, ಅಡ್ಡಹೆಸರು ಅಂದರೆ ಮನೆತನದ ಹೆಸರು, ಊರು, ವಯಸ್ಸು, ಮೈಗೆ ಆಗದ ಔಷಧ, ಹೀಗೆ ಅಂಕಣಗಳು. ಮಾಡೆಲ್ಲಿನ ಕೊನೆಗೆ ಒಂದು ಚಿಕ್ಕ ಭಾಗವಿರುತ್ತದೆ. ಯಾವ ಅಂಕಣಗಳಿಗೆ ಇಂಡೆಕ್ಸ್ ಬೇಕು ಎಂದು ಅಲ್ಲಿ ಬರೆದರೆ, ಫ್ರೇಮ್‌ವರ್ಕು ಅದನ್ನು ಓದಿ ‘ಮೈಗ್ರೇಷನ್’ ಎಂಬುದೊಂದನ್ನು ತಯಾರಿಸುತ್ತದೆ. ಅದನ್ನು ಓಡಿಸಿದರೆ ಡೇಟಾಬೇಸಿನಲ್ಲಿ ಆ ಬದಲಾವಣೆ ಆಗುತ್ತದೆ. ಇಂಡೆಕ್ಸ್ ಎಂದರೆ ಪುಸ್ತಕದ ಕೊನೆಗೆ ಇರುವ ಪದಸೂಚಿಯಂಥದು. ಅದಿದ್ದರೆ ಬೇಕಾದ ಪುಟಕ್ಕೆ ನೇರ ಹೋಗಬಹುದು. ಇಲ್ಲದಿದ್ದರೆ ಮೊದಲ ಪುಟದಿಂದ ತಿರುವುತ್ತ ಬರಬೇಕು. ಬರೆಯುವುದು ಒಂದೇ ಸಾಲು. ಆ ಒಂದು ಸಾಲಿಗಾಗಿ ನಾನು ಪಟ್ಟ ಪಾಡನ್ನೇ ಇಲ್ಲಿ ಹೇಳಹೊರಟಿದ್ದೇನೆ.

ನಮ್ಮ ಮಾಲೀಕರು ಭೂಪಾಲ ಮಗದುಮ್. ಮಗದುಮ್ ಸರ್ ಎಂದರೇ ಎಲ್ಲರಿಗೂ ಗೊತ್ತು. ಮನುಷ್ಯ ಬಂಗಾರ, ಆದರೆ ತಾಳ್ಮೆ ಎಂಬುದು ಅವರ ಓಣಿಯಲ್ಲೇ ಹಾದುಹೋಗಿಲ್ಲ. ಚಹಾ ಆರುವವರೆಗೂ ಕಾಯುವವರಲ್ಲ. ನಾಲಿಗೆ ಸುಟ್ಟುಕೊಂಡು, ಸುಟ್ಟ ನಾಲಿಗೆಯಲ್ಲೇ ಮುಂದಿನ ಮಾತಾಡುತ್ತಿದ್ದರು. ಒಮ್ಮೆ ಪುಣೆಗೆ ಹೋಗಿ ಯಾವುದೋ ಭಾಷಣ ಕೇಳಿಕೊಂಡು ಬಂದರು. ಬಂದವರೇ ಇಂಡೆಕ್ಸ್ ಹಾಕಿದರೆ ಹುಡುಕಾಟ ಕುದುರೆಯಾಗುತ್ತದಂತೆ, ಎಲ್ಲ ಅಂಕಣಕ್ಕೂ ಹಾಕಿಬಿಡಿ ಅಂದರು. ಹಾಕಿದೆವು. ಗಂಡೋ ಹೆಣ್ಣೋ ಎಂಬ ಅಂಕಣಕ್ಕೂ ಹಾಕಿದೆವು. ಅಂದರೆ ಪದಸೂಚಿಯಲ್ಲಿ ಇರುವುದು ಎರಡೇ ಪದ, ಒಂದೊಂದರ ಎದುರಿಗೂ ಅರ್ಧರ್ಧ ಪುಸ್ತಕ! ಅದರಿಂದ ಯಾರಿಗೆ ಏನು ಸಿಗಬೇಕು? ಫ್ರೇಮ್‌ವರ್ಕು ತಾನಾಗಿಯೇ ಇಂಡೆಕ್ಸ್ ಹಾಕಿಕೊಂಡಿದ್ದ ಅಂಕಣಗಳಿಗೂ ನಾವು ಇನ್ನೊಂದನ್ನು ಹಾಕಿದ್ದೆವು, ಛತ್ರಿ ಹಿಡಿದವನ ತಲೆಗೆ ಟೋಪಿ ಹಾಕಿದ ಹಾಗೆ.

ಅದರ ಫಲ ಬೇಗ ತಿಳಿಯಿತು. ಹೊಸ ಸಾಲು, ಅಂದರೆ ಹೊಸ ದಾಖಲೆ, ಸೇರಿದಾಗಲೆಲ್ಲ ಅದಕ್ಕೆ ಸಂಬಂಧಪಟ್ಟ ಪ್ರತಿ ಇಂಡೆಕ್ಸನ್ನೂ ಡೇಟಾಬೇಸು ತಿದ್ದಬೇಕಾಗುತ್ತದೆ. ಲ್ಯಾಬಿನ ಯಂತ್ರದಿಂದ ರಿಪೋರ್ಟುಗಳು ಒಮ್ಮೆಗೇ ಬಂದು ಬೀಳುವ ಹೊತ್ತಿಗೆ ಕಂಪ್ಯೂಟರು ಏದುಸಿರು ಬಿಡತೊಡಗಿತು. ಮುಂಜಾನೆಯ ರಕ್ತದ ರಿಪೋರ್ಟು ಮಧ್ಯಾಹ್ನ ಕಾಣಿಸಿಕೊಂಡಾಗ ಆಸ್ಪತ್ರೆಯ ಡಾಕ್ಟರು ಮಗದುಮ್ ಸರ್‌ಗೆ ಫೋನ್ ಮಾಡಿ ಏನಂದರೋ, ಸರ್ ಫೋನ್ ಇಟ್ಟು, ಅತಿಯಾದರೆ ಅಮೃತವೂ ವಿಷ ಎಂದು ನನಗೇ ಬುದ್ಧಿ ಹೇಳಿದರು. ನಾನು ಹಲ್ಲು ಕಚ್ಚಿಕೊಂಡು ಬೇಡದ ಇಂಡೆಕ್ಸುಗಳನ್ನೆಲ್ಲ ತೆಗೆದೆ.

ಉಳಿಸಿಕೊಂಡದ್ದರಲ್ಲಿ ಮುಖ್ಯವಾದುದು ರೋಗಿಯನ್ನು ಹುಡುಕುವ ಇಂಡೆಕ್ಸು. ಅದರಲ್ಲಿ ಮೂರು ಅಂಕಣ: ಮೊದಲು ಅಡ್ಡಹೆಸರು, ಆಮೇಲೆ ಹೆಸರು, ಕೊನೆಗೆ ಊರು. ಸರ್ಕಾರಿ ಅರ್ಜಿಗಳಲ್ಲೆಲ್ಲ ಇದೇ ಕ್ರಮ. ನಮ್ಮ ಆಫೀಸಿನಲ್ಲಿ ಪರೀಕ್ಷಿಸಿದಾಗ ಹೆಸರು ಒತ್ತುವುದರೊಳಗೆ ರೋಗಿ ಹಾಜರ್. ಮಿರಜದಲ್ಲಿ ಮಾತ್ರ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ ಎಂದು ದೂರು. ಕಾರಣ ತಿಳಿಯಲಿಲ್ಲ. ಬಸ್ಸು ಹತ್ತಿ ಮಿರಜಕ್ಕೆ ಹೋಗಿ ಕೌಂಟರಿನ ಒಳಗೆ ಸ್ಟೂಲ್ ಹಾಕಿಕೊಂಡು ಕೂತೆ.

ಕೌಂಟರಿನಲ್ಲಿದ್ದವಳು ಮಹಾದೇವಿ, ಸಲಗರೆಯ ಹೆಣ್ಣುಮಗಳು. ನಾವು ಸಾಂಗಲಿಯಲ್ಲಿ ಕೂತು ಬೇಕಂತಲೇ ಕಂಪ್ಯೂಟರ್ ನಿಧಾನ ಮಾಡುತ್ತೇವೆ ಎಂದು ಅವಳು ಬಲವಾಗಿ ನಂಬಿದ್ದಳು. ಆ ನಂಬಿಕೆಯನ್ನು ಮುಚ್ಚಿಡುವ ಗೋಜಿಗೂ ಹೋಗಲಿಲ್ಲ. ಕರ್ನಾಟಕದ ಕಡೆಯಿಂದ ಬಂದವರೊಂದಿಗೆ ಕನ್ನಡ, ಉಳಿದವರೊಂದಿಗೆ ಮರಾಠಿ, ನಡುವೆ ಯಾರಾದರೂ ಸಿಕ್ಕರೆ ಹಿಂದಿ. ಆದರೆ ಭಾಷೆ ಯಾವುದಾದರೂ ಅವಳ ಮೊದಲ ಪ್ರಶ್ನೆ ಒಂದೇ: ಯಾವೂರು? ಬಂದವರು ಬೇಡಗ ಅನ್ನುತ್ತಿದ್ದರು, ಕವಲಾಪುರ ಅನ್ನುತ್ತಿದ್ದರು. ಆಮೇಲೆ ಹೆಸರು, ಆಮೇಲೆ ಅಪ್ಪನ ಹೆಸರು. ಅಡ್ಡಹೆಸರನ್ನು ಅವಳು ಕೇಳುತ್ತಲೂ ಇರಲಿಲ್ಲ, ಅವರು ಹೇಳುತ್ತಲೂ ಇರಲಿಲ್ಲ. ಯಾಕೆ ಎಂದು ಕೇಳಿದೆ.

“ಬೇಡಗದಾಗ ಪಾಟೀಲ ಅಂತ ಕೂಗಿದ್ರ ಅರ್ಧಾ ಊರ ಎದ್ದ ಬರತೈತ್ರಿ ಅಕ್ಕಾರ,” ಅಂದಳು.

ನನಗೆ ನಗು ಬಂತು, ಜೊತೆಗೆ ರೋಗವೂ ಸಿಕ್ಕಿತು. ಹಲವು ಅಂಕಣಗಳ ಇಂಡೆಕ್ಸಿನಲ್ಲಿ ಮೊದಲ ಅಂಕಣವನ್ನು ಬಿಟ್ಟು ಹುಡುಕಿದರೆ ಅದು ಇದ್ದೂ ಇಲ್ಲದಂತೆ. ನಾವು ಅಡ್ಡಹೆಸರಿನಿಂದ ಶುರು ಮಾಡಿದ್ದೆವು, ಊರಿನವರು ಊರಿನಿಂದ ಶುರು ಮಾಡುತ್ತಿದ್ದರು. ಸಾಂಗಲಿಗೆ ಮರಳಿ ಕ್ರಮ ಬದಲಿಸಿದೆ: ಊರು, ಹೆಸರು, ತಂದೆಯ ಹೆಸರು. ಚಕ್ರ ತಿರುಗುವುದು ನಿಂತಿತು. ನಾವು ಕೊನೆಗೂ ನಿಧಾನ ಮಾಡುವುದನ್ನು ಬಿಟ್ಟೆವಲ್ಲ ಎಂದು ಮಹಾದೇವಿಗೆ ಸಂತೋಷವಾಯಿತು.

ಹೊಸಬರಿಗೆ ಒಂದು ಮಾತು. ಮಾಡೆಲ್ ಬರೆಯುವ ಮೊದಲು, ಅದನ್ನು ಬಳಸುವವರ ಪಕ್ಕದಲ್ಲಿ ಒಂದು ಹೊತ್ತು ಕೂತು ಬನ್ನಿ. ಅವರು ಮೊದಲು ಏನು ಕೇಳುತ್ತಾರೆ ಎಂಬುದನ್ನು ನೋಡಿ. ಇಂಡೆಕ್ಸಿನ ಮೊದಲ ಅಂಕಣ ಬಹಳ ಸಲ ಅಲ್ಲೇ ಇರುತ್ತದೆ.

ಆ ಹೊಸ ಇಂಡೆಕ್ಸ್ ಹಾಕುವಾಗಲೂ ಒಂದು ಪ್ರಸಂಗ ನಡೆಯಿತು. ಸಂಜೆ ಆಸ್ಪತ್ರೆ ಖಾಲಿಯಾದ ಮೇಲೆ ಹಾಕೋಣ ಎಂದಿದ್ದೆ. ಮಗದುಮ್ ಸರ್‌ಗೆ ಸಂಜೆಯವರೆಗೆ ಕಾಯುವುದು ಎಂದರೆ ಶಿಕ್ಷೆ. ನಾನು ಊಟಕ್ಕೆ ಎದ್ದಾಗ ತಾವೇ ಮೈಗ್ರೇಷನ್ ಓಡಿಸಿಬಿಟ್ಟರು. ಇಂಡೆಕ್ಸ್ ಕಟ್ಟಿ ಮುಗಿಯುವವರೆಗೆ ಡೇಟಾಬೇಸು ಆ ಕೋಷ್ಟಕದಲ್ಲಿ ಹೊಸದೇನನ್ನೂ ಬರೆಯಗೊಡುವುದಿಲ್ಲ. ಮಿರಜದಲ್ಲಿ ಕೌಂಟರ್ ಕಲ್ಲಾಯಿತು. ರೋಗಿಗಳ ಸಾಲು ಔಷಧ ಅಂಗಡಿಯ ಮೆಟ್ಟಿಲು ಮುಟ್ಟಿತಂತೆ. ಡಬ್ಬಿ ಮುಚ್ಚಿ ನಾನು ಓಡಿ ಬಂದಾಗ ಸರ್ ಪರದೆಯ ಮುಂದೆ ಕೈಮುಗಿದು ಕೂತಿದ್ದರು, ದೇವರ ಮುಂದೆ ಕೂತವರಂತೆ. ಯಾರಿಗೂ ಏನೂ ಆಗಲಿಲ್ಲ, ಅದೇ ಪುಣ್ಯ. ಬರೆಯುವುದನ್ನು ತಡೆಯದೆಯೇ ಇಂಡೆಕ್ಸ್ ಕಟ್ಟುವ ದಾರಿಯೂ ಇದೆ ಎಂಬುದನ್ನು ಆಮೇಲೆ ಕಲಿತೆವು.

ಅಂದಿನಿಂದ ನಾನು ಎರಡು ನೇಮ ಹಿಡಿದೆ. ಒಂದು, ಪ್ರತಿ ಇಂಡೆಕ್ಸಿಗೂ ಅದರ ಕೆಲಸ ಹೇಳುವಂಥ ಹೆಸರಿಡುವುದು. ಸರ್ ಇಟ್ಟ ‘ಇಂಡೆಕ್ಸ್ ಒಂದು, ಇಂಡೆಕ್ಸ್ ಎರಡು’ ಎಂಬ ಹೆಸರುಗಳು ಕಷ್ಟ ಬಂದಾಗ ಏನನ್ನೂ ಹೇಳುವುದಿಲ್ಲ. ಇನ್ನೊಂದು, ಡೇಟಾಬೇಸಿನ ಪೂರ್ತಿ ಪ್ರತಿ ತೆಗೆದಿಡದೆ ಯಾವ ಮೈಗ್ರೇಷನ್ನನ್ನೂ ಮುಟ್ಟದಿರುವುದು. ಈ ಎರಡನೆಯದಕ್ಕಾಗಿ ಸರ್ ನನ್ನನ್ನು ಅಂಜುಬುರುಕಿ ಎಂದು ಚುಡಾಯಿಸುತ್ತಿದ್ದರು. ಮಳೆಗಾಲದಲ್ಲಿ ಛತ್ರಿ, ಬೇಸಿಗೆಯಲ್ಲೂ ಛತ್ರಿ ಎಂದು ಎಲ್ಲರೆದುರು ನಗುತ್ತಿದ್ದರು. ನಗಲಿ ಎಂದು ಬಿಟ್ಟೆ.

ಇಷ್ಟೆಲ್ಲ ಹೇಳಿದ್ದು ಮುಂದಿನದಕ್ಕೆ ಪೀಠಿಕೆ. ಆಸ್ಪತ್ರೆಯಲ್ಲಿ ಒಂದು ಹಳೆಯ ತೊಂದರೆಯಿತ್ತು. ರೋಗಿಗಳು ಚೀಟಿ ಮರೆತು ಬರುತ್ತಿದ್ದರು. ಗದ್ದಲದಲ್ಲಿ ಹಳೆಯ ದಾಖಲೆ ಹುಡುಕದೆ ಹೊಸದನ್ನೇ ತೆರೆಯುತ್ತಿದ್ದರು. ಒಬ್ಬನೇ ಮನುಷ್ಯನಿಗೆ ಮೂರು ನಾಲ್ಕು ದಾಖಲೆ, ಎಕ್ಸ್‌ರೇ ಒಂದರಲ್ಲಿ, ರಕ್ತದ ರಿಪೋರ್ಟು ಇನ್ನೊಂದರಲ್ಲಿ. ಡಾಕ್ಟರು ಬೇಸತ್ತು, ಒಬ್ಬರಿಗೆ ಒಂದೇ ದಾಖಲೆ ಇರುವಂತೆ ಮಾಡಿ ಎಂದರು. ಫ್ರೇಮ್‌ವರ್ಕಿನಲ್ಲಿ ಅದಕ್ಕೂ ಒಂದೇ ಸಾಲು. ಇಂಡೆಕ್ಸಿಗೆ ‘ಯೂನಿಕ್’ ಎಂಬ ಷರತ್ತು ಹಾಕಿದರೆ, ಆ ಅಂಕಣಗಳೆಲ್ಲ ಒಂದೇ ಆಗಿರುವ ಎರಡನೆಯ ಸಾಲನ್ನು ಡೇಟಾಬೇಸು ಒಳಗೇ ಬಿಡುವುದಿಲ್ಲ.

ಯಾವ ಅಂಕಣಗಳು ಎಂದು ಸರ್, ನಾನು, ಇಬ್ಬರು ಸಹೋದ್ಯೋಗಿಗಳು ಕೂತು ಚರ್ಚೆ ಮಾಡಿದೆವು. ಗುರುತಿನ ಕಾರ್ಡಿನ ಅಂಕಿ ಆಗದು. ಬಿದ್ದು ಪೆಟ್ಟು ಮಾಡಿಕೊಂಡು ಬಂದವರು ಕಾರ್ಡು ತಂದಿರುವುದಿಲ್ಲ. ಫೋನ್ ಆಗದು, ಇಡೀ ಮನೆಗೆ ಒಂದೇ ಅಂಕಿ ಬರೆಸುತ್ತಾರೆ. ಹುಟ್ಟಿದ ದಿನ ಅಂತೂ ಆಗಲೇ ಆಗದು. ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ಹಾಕಿದ ಜೂನ್ ಒಂದನೆಯ ತಾರೀಖೇ ನಮ್ಮ ಕಡೆಯ ಹಿರಿಯರಿಗೆಲ್ಲ ಹುಟ್ಟುಹಬ್ಬ. ವಯಸ್ಸನ್ನು ಅಂದಾಜಿನ ಮೇಲೆ ಹೇಳುತ್ತಾರೆ, ಒಂದೊಂದು ಸಲ ಒಂದೊಂದು. ಕೊನೆಗೆ ಉಳಿದದ್ದು ಊರು, ಹೆಸರು, ತಂದೆಯ ಹೆಸರು, ಅಡ್ಡಹೆಸರು. ಒಂದೇ ಊರಿನಲ್ಲಿ, ಒಂದೇ ಮನೆತನದಲ್ಲಿ, ಒಂದೇ ತಂದೆಯ ಹೆಸರಿನ, ಒಂದೇ ಹೆಸರಿನ ಇಬ್ಬರು ಎಲ್ಲಿರುತ್ತಾರೆ ಎಂದು ಸರ್ ಕೇಳಿದರು. ನಾವೆಲ್ಲ ತಲೆಯಾಡಿಸಿದೆವು. ಅಲ್ಲಿದ್ದ ನಾಲ್ವರೂ ಈ ಭಾಗದವರೇ, ಇಲ್ಲಿಯ ಮನೆಗಳಲ್ಲೇ ಹುಟ್ಟಿ ಬೆಳೆದವರೇ. ಅದನ್ನು ನೆನೆದರೆ ಈಗಲೂ ಆಶ್ಚರ್ಯವಾಗುತ್ತದೆ.

ಮೈಗ್ರೇಷನ್ ಓಡಿಸಿದರೆ ಡೇಟಾಬೇಸು ಒಪ್ಪಲಿಲ್ಲ. ಈಗಾಗಲೇ ಒಂದೇ ತೆರನ ಸಾಲುಗಳಿವೆ, ಮೊದಲು ಅವನ್ನು ಸರಿಮಾಡಿ ಎಂದು ನಿರಾಕರಿಸಿತು. ನಾವು ಅದನ್ನು ಹಳೆಯ ಕಸ ಎಂದುಕೊಂಡೆವು. ಒಂದೇ ಹೆಸರಿನ ದಾಖಲೆಗಳನ್ನು ಕೂಡಿಸುವ ಪ್ರೋಗ್ರಾಮ್ ಬರೆದೆವು. ಎರಡರಲ್ಲಿ ಬೇರೆ ಬೇರೆ ಮಾಹಿತಿ ಇದ್ದರೆ ಹೊಸದು ಉಳಿಯಲಿ, ಹಳೆಯದು ಹೋಗಲಿ ಎಂಬ ನಿಯಮ ಇಟ್ಟೆವು. ನಾನು ಎಂದಿನಂತೆ ಪ್ರತಿ ತೆಗೆದಿಟ್ಟೆ. ಸರ್ ಎಂದಿನಂತೆ ಛತ್ರಿಯ ಮಾತಾಡಿದರು. ದಾಖಲೆಗಳು ಕೂಡಿದವು, ಇಂಡೆಕ್ಸ್ ಕೂತಿತು. ಡಾಕ್ಟರು ಮೆಚ್ಚಿ ಒಂದು ಡಬ್ಬಿ ಪೇಢೆ ಕಳಿಸಿದರು, ನಾವು ತಿಂದೆವು.

ಪೇಢೆಯ ಸಿಹಿ ಆರುವ ಮೊದಲೇ ಒಂದು ಬೆಳಿಗ್ಗೆ ಮಹಾದೇವಿಯ ಫೋನ್ ಬಂತು. ದನಿಯಲ್ಲಿ ನಗು.

“ಅಕ್ಕಾರ, ಒಂದ ಮಜಾ ಕೇಳ್ರಿ. ಬೇಡಗದ ಭರಮಾ ಅಜ್ಜಾರ ಚೀಟಿ ತಗದ್ರ ವಯಸ್ಸು ಇಪ್ಪತ್ನಾಕ ಅಂತ ಬರಾಕತ್ತೈತಿ. ತಿದ್ದಾಕ ಹೋದ್ರ ನನಗ ಬಿಡವಲ್ದು. ನೀವ ಅಲ್ಲಿಂದ ತಿದ್ರಿ.”

ಅಜ್ಜನಿಗೆ ಮತ್ತೆ ಹರೆಯ ಬಂದಿರಬೇಕು ಎಂದು ನಾನೂ ನಕ್ಕೆ. ನಗುತ್ತಲೇ ದಾಖಲೆ ತೆರೆದೆ. ಬೇಡಗ, ಭರಮಾ ಅಪ್ಪಾಸಾಹೇಬ ಪಾಟೀಲ, ವಯಸ್ಸು ಇಪ್ಪತ್ತನಾಲ್ಕು. ಕಳೆದ ಸಲ ಬಂದದ್ದು ನಾಯಿ ಕಡಿದದ್ದಕ್ಕೆ. ಮೈಗೆ ಆಗದ ಔಷಧ: ಇಲ್ಲ. ಏನೋ ತಪ್ಪಿದೆ ಅನ್ನಿಸಿ, ಮೈಗ್ರೇಷನ್ನಿಗೆ ಮೊದಲು ತೆಗೆದಿಟ್ಟ ಪ್ರತಿಯನ್ನು ತೆರೆದು ಅದೇ ಹೆಸರು ಹುಡುಕಿದೆ. ಎರಡು ಸಾಲು ಬಂದವು. ಒಂದು ಇಪ್ಪತ್ತನಾಲ್ಕರ ತರುಣ. ಇನ್ನೊಂದು ಎಪ್ಪತ್ತು ದಾಟಿದ ಮುದುಕ. ಮುದುಕನ ಸಾಲಿನಲ್ಲಿ, ಹಿಂದೊಮ್ಮೆ ನೋವಿನ ಇಂಜೆಕ್ಷನ್ ಕೊಟ್ಟಾಗ ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟಿತ್ತು, ಆ ಔಷಧ ಮತ್ತೆ ಕೊಡಲೇಬಾರದು ಎಂದು ಬರೆದಿತ್ತು.

ನಮ್ಮ ಕಡೆಯ ಯಾವ ಮಗುವಿಗೂ ಗೊತ್ತಿರುವ ಸಂಗತಿ ಅದು. ಮೊದಲ ಮೊಮ್ಮಗನಿಗೆ ಅಜ್ಜನ ಹೆಸರು. ಅಪ್ಪಾಸಾಹೇಬನ ಮಗ ಭರಮಾ, ಭರಮಾನ ಮಗ ಅಪ್ಪಾಸಾಹೇಬ, ಅವನ ಮಗ ಮತ್ತೆ ಭರಮಾ. ಹಾಗಾಗಿ ಅಜ್ಜನೂ ಭರಮಾ ಅಪ್ಪಾಸಾಹೇಬ ಪಾಟೀಲ, ಮೊಮ್ಮಗನೂ ಭರಮಾ ಅಪ್ಪಾಸಾಹೇಬ ಪಾಟೀಲ. ಊರು ಒಂದೇ, ಮನೆಯೂ ಒಂದೇ. ನಮ್ಮ ಪ್ರೋಗ್ರಾಮು ಇಬ್ಬರನ್ನೂ ಕೂಡಿಸಿ ಒಬ್ಬನನ್ನಾಗಿ ಮಾಡಿತ್ತು. ನಾಯಿ ಕಡಿಸಿಕೊಂಡ ಮೊಮ್ಮಗನ ‘ಇಲ್ಲ’ ಹೊಸದು, ಅದು ಉಳಿಯಿತು. ಅಜ್ಜನ ಎಚ್ಚರಿಕೆ ಹಳೆಯದು, ಅದು ಹೋಯಿತು.

ಅಜ್ಜ ಎಲ್ಲಿದ್ದಾರೆ ಎಂದು ಮಹಾದೇವಿಯನ್ನು ಕೇಳಿದೆ. ಹರ್ನಿಯಾ ಆಪರೇಷನ್ನಿಗೆ ಆಗಲೇ ಒಳಗೆ ಒಯ್ದಿದ್ದಾರೆ ಎಂದಳು. ಆಪರೇಷನ್ ಮುಗಿಯುತ್ತಿದ್ದಂತೆ ನೋವು ಕಡಿಮೆಯಾಗಲು ಕೊಡುವುದು ಅಂಥದೇ ಇಂಜೆಕ್ಷನ್ನು.

“ಮಹಾದೇವಿ, ಫೋನ್ ಇಡಬ್ಯಾಡ. ಕೈಯಾಗ ಹಿಡಕೊಂಡ ಮ್ಯಾಲ ಓಡು. ಅಜ್ಜಾರಿಗೆ ನೋವಿನ ಇಂಜೆಕ್ಷನ್ ಆಗೂದಿಲ್ಲ ಅಂತ ಹೇಳು. ಕಂಪ್ಯೂಟರ್ ತೋರಸೂದು ಖರೇ ಅಲ್ಲ ಅಂತ ಹೇಳು.”

ಯಾಕೆ, ಏನು ಎಂದು ಅವಳು ಕೇಳಲಿಲ್ಲ. ಅದಕ್ಕೆ ನಾನು ಅವಳಿಗೆ ಇಂದಿಗೂ ಋಣಿ. ಫೋನಿನಲ್ಲಿ ಅವಳ ಚಪ್ಪಲಿಯ ಸದ್ದು, ಸರೀರಿ ಸರೀರಿ ಎಂಬ ಕೂಗು, ಮೆಟ್ಟಿಲು ಹತ್ತುವ ಏದುಸಿರು ಕೇಳುತ್ತಿತ್ತು. ಆಮೇಲೆ ಬಾಗಿಲು ಬಡಿದದ್ದು. ಯಾರೋ ಸಿಸ್ಟರ್ ಗದರಿದ್ದು. ಮಹಾದೇವಿ ಒಂದೇ ಉಸಿರಿನಲ್ಲಿ ಮರಾಠಿಯಲ್ಲಿ ಎಲ್ಲ ಹೇಳಿದ್ದು. ಆಮೇಲೆ ಏನೂ ಇಲ್ಲ. ನನ್ನ ಸುತ್ತ ಮಗದುಮ್ ಸರ್, ಉಳಿದವರು ಬಂದು ನಿಂತಿದ್ದರು. ಸಾಂಗಲಿಯ ಮಾಳಿಗೆಯ ಮೇಲೆ ಕೂತು ಮಿರಜದ ಒಂದು ಮುಚ್ಚಿದ ಬಾಗಿಲಿಗೆ ಕಿವಿಗೊಟ್ಟು ಕಾಯುವುದಿದೆಯಲ್ಲ, ಅಂಥದು ನನ್ನ ಶತ್ರುವಿಗೂ ಬೇಡ. ನನ್ನ ಸೇವೆಯಲ್ಲೆಲ್ಲ ಅಷ್ಟು ಹೆದರಿದ್ದು ಅದೊಂದೇ ಸಲ.

“ಕೊಟ್ಟಿಲ್ರಿ ಅಕ್ಕಾರ,” ಎಂದು ಕೊನೆಗೆ ಮಹಾದೇವಿಯ ದನಿ ಬಂತು. “ಇನ್ನೂ ಕೊಟ್ಟಿಲ್ಲಂತ. ಇನ್ನ ಕೊಡೂದಿಲ್ಲಂತ.”

ನಾನು ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ನಾಚಿಕೆಯೇನೂ ಆಗಲಿಲ್ಲ. ಮಗದುಮ್ ಸರ್ ಒಂದು ಲೋಟ ನೀರು ತಂದು ನನ್ನ ಮುಂದಿಟ್ಟು, ಮರೆತು ತಾವೇ ಕುಡಿದರು. ಆಮೇಲೆ ಎಲ್ಲರೂ ಕೂತು, ಪ್ರತಿಯಲ್ಲಿದ್ದ ಆಗದ ಔಷಧಗಳ ಅಂಕಣವನ್ನಷ್ಟೂ ಮಧ್ಯಾಹ್ನದೊಳಗೆ ಮರಳಿ ತಂದೆವು. ಅಷ್ಟರಲ್ಲಿ ಬೇರೆ ಯಾವ ರೋಗಿಗೂ ತೊಂದರೆಯಾಗಿರಲಿಲ್ಲ ಎಂದು ಆಸ್ಪತ್ರೆಯಿಂದ ತಿಳಿದ ಮೇಲೆಯೇ ಯಾರಿಗೋ ಊಟದ ನೆನಪಾಯಿತು. ಮಗದುಮ್ ಸರ್‌ಗೆ ತರಿಸಿದ ಚಹಾ ಮೇಜಿನ ಮೇಲೆ ಹಾಗೇ ಇತ್ತು. ಅದರ ಮೇಲೆ ಕೆನೆ ಕಟ್ಟಿದ್ದನ್ನು ನಾನು ಮೊದಲ ಸಲ ನೋಡಿದೆ.

“ಮ್ಯಾಡಮ್,” ಅಂದರು ಅವರು. “ನಮ್ಮ ಅಜ್ಜನ ಹೆಸರೂ ಭೂಪಾಲ ದಾದಾ ಮಗದುಮ್. ನಂದೂ ಅದ ಹೆಸರ.”

ಅಂಜುಬುರುಕಿ ಎಂಬ ಮಾತನ್ನು ಆಮೇಲೆ ಅವರು ಆಡಲಿಲ್ಲ. ಪ್ರತಿ ತೆಗೆದಿರಾ ಎಂದು ತಾವೇ ಕೇಳತೊಡಗಿದರು, ಅದೂ ದಿನಕ್ಕೆ ಹತ್ತು ಸಲ. ಮೊದಲಿನ ಚುಡಾಯಿಸುವಿಕೆಯೇ ವಾಸಿಯಾಗಿತ್ತು.

ಸಂಜೆ ಮಿರಜಕ್ಕೆ ಹೋದೆ. ಯಾರೂ ಕರೆದಿರಲಿಲ್ಲ. ಅಜ್ಜನನ್ನು ಕಣ್ಣಾರೆ ನೋಡದೆ ನನಗೆ ಮನೆಗೆ ಹೋಗಲಾಗಲಿಲ್ಲ. ವಾರ್ಡಿನಲ್ಲಿ ಅವರು ದಿಂಬಿಗೆ ಒರಗಿ ಮಲಗಿದ್ದರು. ಬಿಳಿ ಮೀಸೆ, ಕೊರಳಲ್ಲಿ ಕರಿದಾರ. ಪಕ್ಕದಲ್ಲಿ ಸೊಸೆ ತಲೆಯ ಮೇಲೆ ಸೆರಗು ಹೊದ್ದು ಕೂತಿದ್ದಳು. ನಾನು ಯಾರೆಂದು ಹೇಳಿ, ಆದದ್ದನ್ನು ಇದ್ದ ಹಾಗೆ ಹೇಳಿದೆ.

ಸೊಸೆ ಥಟ್ಟನೆ ತಲೆ ಎತ್ತಿದಳು. “ನಾ ಹೇಳಿದ್ದೆರಿ, ನಮ್ಮ ಮಾವಾರಿಗೆ ಆ ಸೂಜಿ ಆಗೂದಿಲ್ಲ ಅಂತ. ಸಣ್ಣ ಡಾಕ್ಟರು ಕಂಪ್ಯೂಟರ್ ನೋಡಿದ್ರು. ಹಂಗೇನೂ ಇಲ್ಲಲ್ಲ ಅಂದ್ರು. ನನಗ ನೆನಪು ತಪ್ಪೇತೇನೋ ಅಂತ ಸುಮ್ಮನಾದೆ.”

ಈ ಮಾತು ನನಗೆ ಚುಚ್ಚಿದಷ್ಟು ಬೇರೆ ಯಾವುದೂ ಚುಚ್ಚಲಿಲ್ಲ. ಅವಳ ನೆನಪು ಸರಿಯಾಗಿಯೇ ಇತ್ತು. ನಾವು ಬರೆದ ಒಂದು ಸಾಲು ಅವಳಿಗೆ ತನ್ನ ನೆನಪಿನ ಮೇಲೇ ಅನುಮಾನ ಬರುವಂತೆ ಮಾಡಿತ್ತು. ಇನ್ನು ಮುಂದೆ ಕಂಪ್ಯೂಟರ್ ಏನೇ ಹೇಳಲಿ, ನೀವು ಹೇಳುವುದನ್ನು ಬಿಡಬೇಡಿ ಎಂದೆ. ಮಾವನ ಹೆಸರು ಹೇಳಬಾರದು ಎಂಬ ರೂಢಿಯವಳು ಆಕೆ. ಹಾಗಾಗಿ ಸ್ವಂತ ಮಗನನ್ನೂ ಹೆಸರು ಹಿಡಿದು ಕರೆಯುವಂತಿಲ್ಲ, ಬಾಳೂ ಎಂದೇ ಕರೆಯುತ್ತಾಳೆ. ಕೌಂಟರಿನಲ್ಲೂ ಅವಳು ಹೆಸರು ಹೇಳದೆ ಊರು ಹೇಳಿ, ಹಳೆಯ ಚೀಟಿ ತೋರಿಸಿ ಸುಮ್ಮನಿದ್ದಳಂತೆ.

ಅಜ್ಜ ಇಷ್ಟು ಹೊತ್ತು ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆ ಬಂದಿದೆ ಎಂದುಕೊಂಡಿದ್ದೆ. ಅವರ ಮೀಸೆಯ ತುದಿ ಅಲುಗಿತು.

“ಹೆಸರ ಇಟ್ಟದ್ದ ಅದಕ್ಕರಿ ಅಕ್ಕಾರ,” ಅಂದರು. “ನಾ ಹ್ವಾದ ಮ್ಯಾಲ ನನ್ನ ಜಾಗಾದಾಗ ಅವ ಇರಲಿ ಅಂತ. ನಿಮ್ಮ ಕಂಪ್ಯೂಟರ್ ಜರಾ ಗಡಿಬಿಡಿ ಮಾಡ್ತು.”

ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನನಗೆ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಬೈದಿದ್ದರೆ ಹಗುರಾಗುತ್ತಿತ್ತು, ಅವರು ಬೈಯಲಿಲ್ಲ. ನಗಿಸಿ ಕಳಿಸಿದರು.

ಮರುದಿನ ಯೂನಿಕ್ ಷರತ್ತನ್ನು ಕಿತ್ತು ಹಾಕಿ, ಅದೇ ಅಂಕಣಗಳಿಗೆ ಸಾದಾ ಇಂಡೆಕ್ಸ್ ಹಾಕಿದೆ. ಪ್ರತಿಯ ಸಹಾಯದಿಂದ, ಕೂಡಿಹೋದ ಅಜ್ಜ-ಮೊಮ್ಮಕ್ಕಳನ್ನು ಒಂದೊಂದೇ ಊರು ಹಿಡಿದು ಬೇರ್ಪಡಿಸಿದೆವು. ಸಲಗರೆಯಲ್ಲಿ ಸಿಕ್ಕರು, ಕವಲಾಪುರದಲ್ಲಿ ಸಿಕ್ಕರು, ಲಿಂಗಾಯತರ ಮನೆಗಳಲ್ಲಿ, ಜೈನರ ಮನೆಗಳಲ್ಲಿ ಎಲ್ಲೆಲ್ಲೂ ಸಿಕ್ಕರು. ಬೇಸರದ ಕೆಲಸ, ಆದರೆ ಇಬ್ಬರು ಬೇರೆಯಾದಾಗಲೆಲ್ಲ ಜೀವ ಹಗುರಾಗುತ್ತಿತ್ತು. ಆಮೇಲೆ ಪರದೆಯಲ್ಲಿ ಒಂದು ಪ್ರಶ್ನೆ ಸೇರಿಸಿದೆವು. ಹೊಸದಾಗಿ ಹೆಸರು ಬರೆಸುವಾಗ ಅದೇ ಹೆಸರಿನವರು ಮೊದಲೇ ಇದ್ದರೆ, ಅವರನ್ನು ವಯಸ್ಸಿನ ಸಮೇತ ತೋರಿಸಿ, ಇವರೇ ಅವರೋ ಎಂದು ಕೇಳುತ್ತದೆ. ಉತ್ತರ ಹೇಳುವುದು ಕೌಂಟರಿನಲ್ಲಿ ಎದುರಿಗಿರುವ ಮನುಷ್ಯರನ್ನು ನೋಡಿದವರ ಕೆಲಸ. ಸಾದಾ ಇಂಡೆಕ್ಸು ಹಾಕಿ ತಪ್ಪಿದರೆ ಹುಡುಕಾಟ ನಿಧಾನವಾಗುತ್ತದೆ, ಅಷ್ಟೇ. ಯೂನಿಕ್ ಎಂದು ಬರೆಯುವಾಗ ಮಾತ್ರ ಇಂಥವರು ಇನ್ನೊಬ್ಬರಿಲ್ಲ ಎಂದು ನೀವು ಆಣೆ ಮಾಡುತ್ತಿದ್ದೀರಿ. ಆಣೆ ಮಾಡುವ ಮೊದಲು ನಿಮ್ಮ ಮನೆಯ ಹೆಸರುಗಳನ್ನಾದರೂ ಒಮ್ಮೆ ನೆನೆಸಿಕೊಳ್ಳಿ.

ಇತ್ತೀಚೆಗೆ ಮೊಣಕಾಲು ತೋರಿಸಲು ಅದೇ ಆಸ್ಪತ್ರೆಗೆ ಹೋಗಿದ್ದೆ. ಮಹಾದೇವಿ ನನ್ನನ್ನು ಸಾಲಿನಲ್ಲಿ ನಿಲ್ಲಗೊಡದೆ ಒಳಗೆ ಕರೆದು, ಹಳೆಯ ಸ್ಟೂಲಿನ ಮೇಲೆಯೇ ಕೂರಿಸಿದಳು. ಅಷ್ಟರಲ್ಲಿ ಕೌಂಟರಿನ ಮುಂದೆ ಒಬ್ಬ ಹೆಂಗಸು ಕೂಸನ್ನು ಎತ್ತಿಕೊಂಡು ಬಂದಳು. ಲಸಿಕೆ ಹಾಕಿಸಬೇಕಿತ್ತು. ಹಿಂದೆ ಕೋಲೂರಿಕೊಂಡು ಒಬ್ಬ ಮುದುಕರು. ಮೀಸೆ ನೋಡಿ ಗುರುತು ಹತ್ತಿತು.

ಯಾವೂರು ಎಂದು ಕೇಳುವ ಅಗತ್ಯವಿರಲಿಲ್ಲ, ಮಹಾದೇವಿ ಬೇಡಗ ಎಂದು ಒತ್ತಿಯೇ ಬಿಟ್ಟಿದ್ದಳು. ಕೂಸಿನ ಹೆಸರೇನು ಎಂದಳು. ಕೂಸನ್ನು ಎತ್ತಿಕೊಂಡಿದ್ದವಳು ಅದೇ ಸೊಸೆ, ಈಗ ತಾನೂ ಅಜ್ಜಿಯಾದವಳು, ನಕ್ಕು ಮಾವನ ಕಡೆ ನೋಡಿದಳು. ಆ ಹೆಸರನ್ನೂ ಅವಳು ಹೇಳುವಂತಿರಲಿಲ್ಲ, ಅದು ಅವಳ ಗಂಡನ ಹೆಸರು.

“ಅಪ್ಪಾಸಾಹೇಬ,” ಅಂದರು ಅಜ್ಜ. “ಅಪ್ಪಾಸಾಹೇಬ ಭರಮಾ ಪಾಟೀಲ.”

ಪರದೆಯ ಮೇಲೆ ಪ್ರಶ್ನೆ ಮೂಡಿತು. ಬೇಡಗದಲ್ಲಿ ಇದೇ ಹೆಸರಿನವರು ಒಬ್ಬರಿದ್ದಾರೆ, ಇವರೇ ಅವರೋ? ಮಹಾದೇವಿ ಕೂಸಿನ ಕೆನ್ನೆ ಮುಟ್ಟಿ, ಅಲ್ಲ ಎಂದು ಒತ್ತಿದಳು. ಅಜ್ಜ ಕೌಂಟರಿನ ಮೇಲೆ ಬಾಗಿ, ನನ್ನನ್ನು ಗುರುತಿಸಿ, ಪರದೆಯ ಕಡೆ ಗದ್ದ ತೋರಿಸಿದರು.

“ಈಗ ಗಡಿಬಿಡಿ ಮಾಡೂದಿಲ್ಲೇನ್ರಿ ಅದು?”

“ಇಲ್ರಿ ಅಜ್ಜಾರ,” ಅಂದೆ. “ಈಗ ಮೊದಲ ಕೇಳತೈತಿ.”